ಜಾವಾದಲ್ಲಿ ನನ್ನದೊಂದು ಕುರಿ

ಹಿರಿಯೂರು

ಉಣ್ಣೆ ಕತ್ತರಿಸುವ ಕತ್ತರಿಯನ್ನು ವಿಮಾನದಲ್ಲಿ ಸಾಗಿಸಿದ ಹೆಂಗಸು ಚಿತ್ರದುರ್ಗ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಬೇರೆ ಯಾರಾದರೂ ಇದ್ದರೆ ನಮ್ಮ ಮನೆಗೆ ಬರಲಿ, ಕೂಡಿಸಿ ಕಾಫಿ ಕೊಟ್ಟು ಸೋಲೊಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಈ ಹೆಮ್ಮೆಯನ್ನು ಬಿಟ್ಟುಕೊಡುವುದಿಲ್ಲ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷದ ಮಾತು. ಆಗ ನಾನು ಹಿರಿಯೂರಿನಲ್ಲಿ ಕಂಬಳಿ ನೇಕಾರರ ಸಂಘವೊಂದು ನಡೆಸುತ್ತಿದ್ದ ತರಬೇತಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಉಣ್ಣೆ ನೂಲುವುದನ್ನು ಕಲಿಸುತ್ತಿದ್ದೆ. ನಮ್ಮ ಯಜಮಾನರು ಕರಿಯಪ್ಪನವರು ಅಲ್ಲಿಯೇ ಮಗ್ಗದಲ್ಲಿ ಕೂರುತ್ತಿದ್ದರು. ಜವನಗೊಂಡನಹಳ್ಳಿ ಕಡೆಯ ನಮ್ಮ ಹಟ್ಟಿಯಲ್ಲಿ ದೊಡ್ಡ ಕುರಿಮಂದೆ ಇತ್ತು. ಅದನ್ನು ಮೈದುನಂದಿರು ಮೇಯಿಸುತ್ತಿದ್ದರು. ಯಜಮಾನರೂ ಮದುವೆಯಾಗುವವರೆಗೆ ಮಂದೆಯ ಹಿಂದೆಯೇ ತಿರುಗಿದವರು. ಕುರಿಯ ವಿಷಯದಲ್ಲಿ ತಮಗೆ ತಿಳಿಯದ್ದು ಬ್ರಹ್ಮನಿಗೂ ತಿಳಿದಿಲ್ಲ ಎಂಬ ಧಿಮಾಕು ಅವರದು. ನನಗೂ ಅದೇ ಧಿಮಾಕು ಇತ್ತು, ಅವರಷ್ಟು ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಒಂದು ದಿನ ಇಂಡೋನೇಷಿಯಾದ ಅಧಿಕಾರಿಯೊಬ್ಬರು ನಮ್ಮ ಕೇಂದ್ರವನ್ನು ನೋಡಲು ಬಂದರು. ಕಂಬಳಿಯನ್ನು ಮುಟ್ಟಿ, ಮಡಿಸಿ, ಮೂಸಿ ನೋಡಿದರು. ತಮ್ಮ ಜಾವಾ ದ್ವೀಪದ ಬೆಟ್ಟದ ಹಳ್ಳಿಗಳಲ್ಲಿ ಮನೆಮನೆಗೂ ಕುರಿ ಇದೆ, ಚಳಿಯೂ ಇದೆ, ಆದರೆ ಉಣ್ಣೆಯನ್ನು ಕತ್ತರಿಸಿ ತಿಪ್ಪೆಗೆ ಎಸೆಯುತ್ತಾರೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಯಜಮಾನರು ಮಗ್ಗದಿಂದ ಎದ್ದೇಬಿಟ್ಟರು.

"ತಿಪ್ಪೆಗಾ? ಉಣ್ಣೇನ? ಲೇ, ಸರಿಯಾಗಿ ಕೇಳೇ ಇನ್ನೊಂದ್ಸಲ."

ಸರಿಯಾಗಿಯೇ ಕೇಳಿದ್ದೆ. ಅವತ್ತು ರಾತ್ರಿ ಅವರಿಗೆ ಮುದ್ದೆ ಇಳಿಯಲಿಲ್ಲ. ಕೆಲವು ತಿಂಗಳ ಮೇಲೆ, ಗಂಡಹೆಂಡತಿ ಇಬ್ಬರೂ ಬಂದು ನಮ್ಮ ಒಂದು ಹಳ್ಳಿಗೆ ಈ ಕೆಲಸವನ್ನು ತೋರಿಸಿಕೊಡುತ್ತೀರಾ ಎಂದು ಆ ಅಧಿಕಾರಿ ಕೇಳಿ ಕಳಿಸಿದರು. ಯಜಮಾನರು ಒಂದು ಗಳಿಗೆಯೂ ಯೋಚಿಸಲಿಲ್ಲ. ಯಾವುದೋ ಊರಿನಲ್ಲಿ ಉಣ್ಣೆ ತಿಪ್ಪೆಗೆ ಬೀಳುತ್ತಿದೆ ಎಂಬುದು ಅವರಿಗೆ ಹಲ್ಲುನೋವಿನಂತೆ ಕಾಡುತ್ತಿತ್ತು.

ಹಟ್ಟಿಯಲ್ಲಿ ಗೇಲಿಗೇನೂ ಕಡಿಮೆಯಿರಲಿಲ್ಲ. "ಏನಪ್ಪ ಕರಿಯಪ್ಪ, ಕುರಿ ಕಾಯಾಕೆ ಇಮಾನದಾಗೆ ಹೊಂಟೆಯಂತಲ್ಲ?" ಎಂದು ಪಕ್ಕದ ಮನೆಯವರು ಕೇಳಿದರೆ, ಯಜಮಾನರು ಮೀಸೆಯ ಮೇಲೆ ಕೈಯಾಡಿಸಿ, "ನಿನ್ನ ಮೇಕೆಗೂ ಒಂದು ಟಿಕೀಟು ತೆಗಿಸ್ಲೇನು?" ಎಂದು ಮುಂದೆ ಹೋಗುತ್ತಿದ್ದರು.

ಜಕಾರ್ತದಿಂದ ಬೆಟ್ಟಕ್ಕೆ

ಬಟ್ಟೆಬರೆಗಿಂತ ಸಾಮಾನೇ ಹೆಚ್ಚಿತ್ತು. ಕತ್ತರಿಗಳು, ಕದಿರು, ಉಣ್ಣೆ ಹಿಂಜುವ ಬಿಲ್ಲಿನ ನರ, ಒಂದು ಡಬ್ಬ ರಾಗಿಹಿಟ್ಟು, ಮತ್ತೆ ಒಂದು ಚೀಲ ಹುಣಸೆಬೀಜ. ಮಗ್ಗಕ್ಕೆ ಹಾಸು ಹಾಕಿದ ಉಣ್ಣೆ ನೂಲಿಗೆ ಹುಣಸೆಬೀಜದ ಗಂಜಿ ಬಳಿಯಬೇಕು, ಇಲ್ಲದಿದ್ದರೆ ಎಳೆ ಕಿತ್ತು ಬರುತ್ತದೆ. ಪರದೇಶದಲ್ಲಿ ಹುಣಸೆಬೀಜ ಎಲ್ಲಿ ಸಿಗಬೇಕು ಎಂದು ನಾನೇ ಮುಂದಾಲೋಚನೆ ಮಾಡಿ ತುಂಬಿಸಿದ್ದೆ.

ಜಕಾರ್ತದ ವಿಮಾನ ನಿಲ್ದಾಣದಲ್ಲಿ ಸುಂಕದವರು ಮೊದಲು ಕತ್ತರಿಯನ್ನು ಹೊರಗೆಳೆದರು. ಅದರ ಉದ್ದ ನೋಡಿದರು, ಯಜಮಾನರ ಮೀಸೆ ನೋಡಿದರು, ಮತ್ತೆ ಕತ್ತರಿ ನೋಡಿದರು. ನಾನು ನನ್ನ ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ "ಶೀಪ್ ಸರ್, ಓನ್ಲಿ ಶೀಪ್" ಎಂದೆ. ಆಮೇಲೆ ಹುಣಸೆಬೀಜದ ಚೀಲ ಬಿಚ್ಚಿತು. ಸುಂಕದವನು ಒಂದು ಬೀಜವನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದವನನ್ನು ಕರೆದು ತೋರಿಸಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮನ್ನು ಬಿಟ್ಟರು. ಅವರು ನಕ್ಕಿದ್ದು ಯಾಕೆಂದು ಆಗ ಗೊತ್ತಾಗಲಿಲ್ಲ.

ಮರುದಿನ ಜೀಪಿನಲ್ಲಿ ಬೆಟ್ಟದ ಕಡೆ ಹೊರಟಾಗ ಗೊತ್ತಾಯಿತು. ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಮರಗಳು, ಮೈತುಂಬ ಕಾಯಿ. ಯಜಮಾನರು ಕತ್ತು ಹೊರಗೆ ಚಾಚಿ ನೋಡಿ ನನ್ನ ಕಡೆ ತಿರುಗಿದರು.

"ಲೇ, ಇದು ಹುಣಸೆ ಅಲ್ಲೇನೇ?"

"ಇರಲಾರದು ಬಿಡ್ರಿ. ನಿಮ್ಮ ಕಣ್ಣಿಗೆ ಎಲ್ಲಾ ಮರಾನೂ ಹುಣಸೇನೇ ಕಾಣ್ತಾವೆ."

"ಹಂಗಾದ್ರೆ ಆ ಮುದುಕಿ ಬುಟ್ಟಿಯಾಗೆ ಏನು ಆಯ್ಕಂತೈತೆ? ದ್ರಾಕ್ಷೀನಾ?"

ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಹಿರಿಯೂರಿನಿಂದ ಹೊತ್ತ ಚೀಲ ನನ್ನ ಕಾಲ ಬಳಿಯೇ ಇತ್ತು. ಅದರ ಮೇಲೆ ಸೆರಗು ಮುಚ್ಚಿದೆ.

ಚಿಬುಲು

ಗಾರೂತ್ ಎಂಬ ಊರು ದಾಟಿ, ಬೆಟ್ಟ ಹತ್ತಿ, ಜೀಪು ಮುಂದೆ ಹೋಗಲಾರೆ ಎಂದ ಕಡೆ ಇಳಿದು ನಡೆದರೆ ಚಿಬುಲು. ಆ ಸೀಮೆಯ ಅರ್ಧ ಊರುಗಳ ಹೆಸರು 'ಚಿ' ಎಂದೇ ಶುರುವಾಗುತ್ತದೆ, ಹಾಗೆಂದರೆ ನೀರು. ನಮ್ಮ ಹೊಳಲ್ಕೆರೆಯವರು ಹೆಸರಿನ ಕೊನೆಗೆ ಕೆರೆ ಇಟ್ಟುಕೊಂಡಂತೆ ಇವರು ಮೊದಲಿಗೇ ನೀರು ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳಲಿ, ಅವರಿಗೆ ನಿಜವಾಗಿಯೂ ನೀರಿದೆ. ಪ್ರತಿ ಮನೆಯ ಮುಂದೆಯೂ ಒಂದು ಕೊಳ, ಕೊಳದ ತುಂಬ ಮೀನು.

ಊರಿನ ಶಾಲೆಯ ಟೀಚರ್ ಲಿಲಿಸ್ ಎಂಬ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಊರವರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷಿಗೆ ತರುವಳು, ಅದನ್ನು ನಾನು ಯಜಮಾನರಿಗಾಗಿ ನಮ್ಮ ಹಟ್ಟಿಯ ಮಾತಿಗೆ ತರುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆದಿದ್ದೇನೆ. ಚಿಬುಲಿನವರು ಹಿರಿಯೂರು ತಾಲ್ಲೂಕಿನವರಂತೆ ಮಾತಾಡುತ್ತಾರಲ್ಲ ಎಂದು ಓದುಗರು ಆಶ್ಚರ್ಯಪಡಬಾರದು.

ನಮ್ಮನ್ನು ಇಳಿಸಿದ್ದು ಓನಾ ಎಂಬ ವಿಧವೆಯ ಮನೆಯಲ್ಲಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಒಂಟಿ ಜೀವ, ನಗುವ ಮುಖ. ನಾವು ಮೊದಲ ದಿನವೇ ಅವಳನ್ನು ಓನಮ್ಮ ಮಾಡಿಬಿಟ್ಟೆವು. ಕಂಬಗಳ ಮೇಲೆ ನಿಂತ ಬಿದಿರಿನ ಮನೆ, ನಡೆದರೆ ನೆಲ ಕಿರ್ ಎನ್ನುತ್ತಿತ್ತು. ಕಕ್ಕಸು ಮಾತ್ರ ಕೊಳದ ಮೇಲೆ. ಬಿದಿರಿನ ಅಟ್ಟಣೆ, ಸುತ್ತ ಎದೆಮಟ್ಟದ ತಟ್ಟಿ, ಕೆಳಗೆ ನೀರು. ಹೋಗಿ ಕೂತೊಡನೆ ಮೀನುಗಳೆಲ್ಲ ಬಾಯಿ ತೆರೆದುಕೊಂಡು ಬಂದು ಸೇರಿದವು. ನಾನು ಹಾಗೆಯೇ ಎದ್ದು ಬಂದೆ. ಅವತ್ತು ಮಧ್ಯಾಹ್ನ ಓನಮ್ಮ ಬಾಳೆಲೆಯಲ್ಲಿ ಸುಟ್ಟ ಮೀನನ್ನು ಪ್ರೀತಿಯಿಂದ ಬಡಿಸಿದಾಗ ನನಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು.

ಅವರು ಊಟಕ್ಕೆ ಒಂದು ಹಿಡಿ ಸೊಪ್ಪನ್ನು ಹಸಿಯಾಗಿಯೇ ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುತ್ತಾರೆ. ಉಳಿದದ್ದು ಕುರಿಗೆ. "ಇಲ್ಲಿ ಕುರಿಗೂ ಮನುಷ್ಯರಿಗೂ ಒಂದೇ ಪಂಕ್ತಿ" ಎಂದರು ಯಜಮಾನರು, ಆದರೆ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡರು. ಸಾಲ ಇಟ್ಟುಕೊಳ್ಳಬಾರದೆಂದು ನಾನು ಸಂಜೆ ಮುದ್ದೆ ತಿರುವಿದೆ. ಓನಮ್ಮ ಒಂದು ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದಳು. ನುಂಗು ಎಂದು ಸನ್ನೆ ಮಾಡಿದೆ. ತಲೆಯಾಡಿಸಿ ಇನ್ನೂ ಜೋರಾಗಿ ಅಗಿದಳು. ನಾವು ಊಟ ಮುಗಿಸಿ ಕೈತೊಳೆದು ಬಂದಾಗಲೂ ಅದೇ ತುತ್ತು ನಡೆದಿತ್ತು.

ಕುರಿಗಳನ್ನು ನೋಡಿದ ಮೇಲೆ ಯಜಮಾನರಿಗೆ ಬೇರೆ ಯಾವುದೂ ಬೇಕಾಗಲಿಲ್ಲ. ಅಲ್ಲಿ ಮಂದೆ ಎಂಬುದೇ ಇಲ್ಲ. ಮನೆಗೆ ಎರಡೋ ಮೂರೋ ಕುರಿ, ಅವುಗಳಿಗೂ ಕಂಬದ ಮೇಲೆ ಬಿದಿರಿನ ಅಟ್ಟಣೆ. ಗಂಡಸರು ಬೆಳಿಗ್ಗೆ ಎದ್ದು ಹುಲ್ಲು ಕೊಯ್ದು ಹೆಗಲ ಮೇಲೆ ಹೊತ್ತು ತರುತ್ತಾರೆ, ಕುರಿಗಳು ನಿಂತಲ್ಲೇ ತಿನ್ನುತ್ತವೆ. ಹುಟ್ಟಿದ ಕುರಿ ನೆಲಕ್ಕೆ ಇಳಿಯುವುದೇ ಅಪರೂಪ. ಟಗರಿನ ಉಪಚಾರವಂತೂ ಕೇಳಬೇಡಿ. ನಮ್ಮ ಕಡೆಯಂತೆ ಅಲ್ಲೂ ಟಗರಿನ ಕಾಳಗವಿದೆ. ಅದಕ್ಕಾಗಿ ಟಗರಿಗೆ ಸೋಪು ಹಚ್ಚಿ ಸ್ನಾನ, ಎಣ್ಣೆ ತಿಕ್ಕಿ ಮೈ ನೀವುವುದು, ಮೇಲೆ ಮೊಟ್ಟೆ. ಯಜಮಾನರು ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದರು. ನಾನು ನೋಡದವಳಂತೆ ಇದ್ದೆ.

"ಕುರಿ ಅಂದ್ರೆ ನಡೀಬೇಕು ಕಣೇ. ಇವೇನು ಅಟ್ಟದ ಮ್ಯಾಲಿನ ಬೆಲ್ಲಾನಾ?"

ಓನಮ್ಮನ ಅಟ್ಟಣೆಯಲ್ಲಿ ಒಂದೇ ಕುರಿ, ತುಂಬು ಗಬ್ಬ. ಆದರೆ ಅದು ಅವಳದಲ್ಲ, ಕೆಳಗಿನ ಕೇರಿಯ ಹಾಜಿಯವರದು. ಉಳ್ಳವರ ಕುರಿಯನ್ನು ಇಲ್ಲದವರು ಪಾಲಿಗೆ ಸಾಕುವ ಪದ್ಧತಿ ನಮ್ಮಲ್ಲಿ ಇರುವಂತೆ ಅಲ್ಲೂ ಇದೆ. ಮೊದಲ ಸಲ ಈದದ್ದು, ಅಂದರೆ ಮೊದಲ ಈತದ ಮರಿ, ಕುರಿಯ ಒಡೆಯನಿಗೆ, ಎರಡನೆಯ ಈತದ್ದು ಸಾಕಿದವರಿಗೆ, ಹೀಗೆ ಸರದಿ. ಹಿಂದಿನ ಈತದ ಮರಿಯನ್ನು ಹಾಜಿಯವರು ಒಯ್ದಿದ್ದರು.

"ಈ ಸಲದ್ದು ನಂದು" ಎಂದಳು ಓನಮ್ಮ, ಕುರಿಯ ಹೊಟ್ಟೆಯ ಮೇಲೆ ಕೈಯಿಟ್ಟು. "ಬುದ್ಧಿ ಬಂದಾಗ್ನಿಂದ ಬೇರೆಯೋರ ಕುರಿಗೆ ಹುಲ್ಲು ಹೊತ್ತಿದೀನಿ. ನಂದು ಅಂತ ಒಂದು ಬಾಲಾನೂ ಇರ್ಲಿಲ್ಲ."

ಯಜಮಾನರು ಹೊಟ್ಟೆ ಮುಟ್ಟಿ ನೋಡಿ, ಇನ್ನು ಕೆಲವೇ ದಿನ ಎಂದರು. ಓನಮ್ಮ ಅವತ್ತೇ ಅಟ್ಟಣೆಗೆ ಹೊಸ ಹುಲ್ಲು ಹಾಸಿದಳು.

ಹೊಳೆಯ ದಂಡೆ

ಉಣ್ಣೆ ಕತ್ತರಿಸುವ ಮುಂಚೆ ಕುರಿಯನ್ನು ಹೊಳೆಯಲ್ಲಿ ತೊಳೆಯಬೇಕು. ನಮ್ಮಲ್ಲಿ ಅದಕ್ಕೆ ಏನೂ ತ್ರಾಸವಿಲ್ಲ. ವೇದಾವತಿಯಲ್ಲಿ ನೀರಿದ್ದಾಗ ಮಂದೆಯನ್ನು ದಂಡೆಗೆ ಹೊಡೆಯುವುದು, ಮುಂದಾಳು ಟಗರನ್ನು ನೀರಿಗೆ ಎಳೆಯುವುದು. ಉಳಿದವೆಲ್ಲ ಅದರ ಬಾಲ ನೋಡಿಕೊಂಡು ತಾವಾಗಿಯೇ ಇಳಿಯುತ್ತವೆ. ಅದರಂತೆ ಊರಿನ ಕುರಿಗಳನ್ನೆಲ್ಲ ಒಂದು ಬೆಳಿಗ್ಗೆ ಹೊಳೆಗೆ ತರಲು ಯಜಮಾನರು ಹೇಳಿ ಕಳಿಸಿದರು.

ಊರಿಗೆ ಊರೇ ಬಂತು. ಪ್ರತಿ ಕುರಿಯ ಕೊರಳಿಗೂ ಹಗ್ಗ, ಹಗ್ಗದ ತುದಿಯಲ್ಲಿ ಒಬ್ಬ ಮನುಷ್ಯ. ಯಜಮಾನರಿಗೆ ನಗು ತಡೆಯಲಾಗಲಿಲ್ಲ.

"ಕುರಿಗೆ ಹಗ್ಗ ಹಾಕಾದಾ? ಇದೇನು ಎಮ್ಮೇನಾ? ಬಿಚ್ಚಾಕೆ ಹೇಳೇ. ನಾನು ಮುಂದೆ ಹೋಗ್ತೀನಿ, ಎಲ್ಲಾ ನನ್ನ ಹಿಂದೆ ಬರ್ತಾವೆ. ನಮ್ಮಪ್ಪನ ಕಾಲದಿಂದ ಒಂದು ಕುರಿಗೂ ಹಗ್ಗ ಹಾಕಿದೋರಲ್ಲ ನಾವು."

ನಾನು ಅದನ್ನು ಇನ್ನಷ್ಟು ಗತ್ತಿನಿಂದ ಇಂಗ್ಲಿಷಿಗೆ ತಂದೆ. ಲಿಲಿಸ್ ಅನುಮಾನಿಸಿದಳು. ಆದರೆ ಅಷ್ಟು ದೂರದಿಂದ ಬಂದವರ ಮಾತನ್ನು ತೆಗೆದುಹಾಕುವುದು ಆ ಜನಕ್ಕೆ ಗೊತ್ತಿಲ್ಲ. ಹಗ್ಗಗಳು ಬಿಚ್ಚಿದವು. ಯಜಮಾನರು ಒಂದು ಟಗರಿನ ಕೊಂಬು ಹಿಡಿದು, ಬೆಟ್ಟ ಮಾರ್ದನಿಗೊಡುವಂತೆ "ಹುರ್ರೋ ಬಾ ಬಾ ಬಾ" ಎಂದು ಮಂದೆ ಕರೆಯುವ ಕೂಗು ಹಾಕುತ್ತ ನೀರಿಗಿಳಿದರು.

ಒಂದು ಕುರಿಯೂ ಅವರ ಹಿಂದೆ ಹೋಗಲಿಲ್ಲ. ಹೇಗೆ ಹೋದೀತು? ಅವು ಮಂದೆಯಾಗಿ ಒಂದು ದಿನವೂ ಬದುಕಿದವಲ್ಲ. ಪಕ್ಕದ ಕುರಿ ಅವಕ್ಕೆ ಪಕ್ಕದ ಊರಿನ ಕುರಿಯಿದ್ದಂತೆ. ಮೊದಲು ಎರಡು ಟಗರುಗಳು ಒಂದನ್ನೊಂದು ನೋಡಿ, ಹಿಂದೆ ಸರಿದು, ಢಂ ಎಂದು ಹಾಯ್ದವು. ಆ ಸದ್ದಿಗೆ ಉಳಿದವು ಸಿಕ್ಕ ಸಿಕ್ಕ ದಿಕ್ಕಿಗೆ ಚದುರಿದವು. ಕೆಲವು ಕೋಸಿನ ತೋಟಕ್ಕೆ ನುಗ್ಗಿದವು, ಒಂದು ಶಾಲೆಯೊಳಕ್ಕೆ ಹೋಯಿತು, ಇನ್ನೊಂದು ಮುದುಕನೊಬ್ಬನ ಎರಡು ಕಾಲುಗಳ ನಡುವೆ ದಾರಿ ಮಾಡಿಕೊಂಡಿತು. ಯಜಮಾನರ ಕೈಯಲ್ಲಿದ್ದ ಟಗರೂ ಕಾಳಗ ಕಂಡು ಕೊಸರಿಕೊಂಡು ಓಡಿತು. ಅವರು ಸೊಂಟಮಟ್ಟದ ನೀರಿನಲ್ಲಿ ಒಬ್ಬರೇ ನಿಂತು ಇನ್ನೂ "ಬಾ ಬಾ" ಎನ್ನುತ್ತಿದ್ದರು.

ನಮ್ಮ ಹಟ್ಟಿಯಲ್ಲಾದರೆ ಇಷ್ಟಕ್ಕೆ ದೊಣ್ಣೆ ಎತ್ತುತ್ತಿದ್ದರು. ಇವರು ಬಾಯಿಗೆ ಕೈ ಅಡ್ಡ ಹಿಡಿದು ಮೆತ್ತಗೆ ನಕ್ಕು, ಪರವಾಗಿಲ್ಲ ಪರವಾಗಿಲ್ಲ ಎನ್ನುತ್ತ ತಮ್ಮ ತಮ್ಮ ಕುರಿಯ ಹಿಂದೆ ಓಡಿದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕುರಿಗಳೂ ಸಿಕ್ಕವು, ಒಂದನ್ನು ಬಿಟ್ಟು. ಗಬ್ಬದ ಕುರಿಯನ್ನು ತರಬೇಡಿ ಎಂದು ನಾವು ಹೇಳಿದ್ದೆವು. ಆದರೆ ಊರಿನ ಕುರಿಗೆಲ್ಲ ಏನೋ ಒಳ್ಳೆಯದು ಆಗುತ್ತಿದೆ, ತನ್ನದೊಂದು ಯಾಕೆ ತಪ್ಪಿಸಿಕೊಳ್ಳಬೇಕು ಎಂದು ಓನಮ್ಮ ಕೊನೆಗೆ ತಂದಿದ್ದಳು, ಎಲ್ಲರೂ ಬಿಚ್ಚಿದಾಗ ಅವಳೂ ಬಿಚ್ಚಿದ್ದಳು. ಈಗ ಕೈಯಲ್ಲಿ ಖಾಲಿ ಹಗ್ಗ ಹಿಡಿದು ದಂಡೆಯ ಮೇಲೆ ಕೂತಿದ್ದಳು. ಕುರಿ ಹೋದರೆ ಹಾಜಿಯವರಿಗೆ ಉತ್ತರ ಹೇಳಬೇಕು, ಮರಿಯಂತೂ ಹೋದಂತೆಯೇ. ಅವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ.

ಹಾಜಿಯವರ ಕೊಳ

ಮಳೆ ಶುರುವಾಯಿತು. ಯಜಮಾನರು ಬೆಟ್ಟದ ಇಳಿಜಾರಿನಲ್ಲೆಲ್ಲ ಕೂಗಿ ಕೂಗಿ ಗಂಟಲು ಒಡೆದುಕೊಂಡರು. ಕೊನೆಗೆ ಒಂದು ಬಂಡೆಯ ಮೇಲೆ ಕೂತರು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಏನ್ರಿ, ಕುಂತ್ಕಂಡ್ರೆ ಕುರಿ ತಾನಾಗೇ ಬರ್ತೈತಾ?"

"ಸುಮ್ಕಿರು. ಯೋಚ್ನೆ ಮಾಡಾಣ." ಮುಖದ ನೀರು ಒರೆಸಿಕೊಂಡರು. "ನಮ್ಮ ಕುರಿ ತಪ್ಪಿಸ್ಕಂಡ್ರೆ ಮಂದೆ ಹುಡುಕ್ತೈತೆ. ಇದಕ್ಕೆ ಮಂದೇನೇ ಗೊತ್ತಿಲ್ಲ. ಹಂಗಾದ್ರೆ ಇದಕ್ಕೆ ಗೊತ್ತಿರಾದು ಏನು?"

ನಾನು ಉತ್ತರ ಕೊಡುವ ಮೊದಲೇ ಎದ್ದು ನಿಂತರು.

"ಬಿದಿರು ಕಣೇ! ಹುಟ್ಟಿದಾಗ್ನಿಂದ ಅದರ ಕಾಲಿಗೆ ಗೊತ್ತಿರಾದು ಬಿದಿರೊಂದೇ. ಈ ಕೆಸರು ಅದಕ್ಕೆ ಹೆದರಿಕೆ. ಎಲ್ಲಿ ಬಿದಿರು ಐತೋ ಅಲ್ಲಿ ಹತ್ತಿರ್ತೈತೆ. ನಡಿ ಹೋಗಾಣ."

ಬಿದಿರಿನ ಸೇತುವೆ ನೋಡಿದೆವು, ಗದ್ದೆ ಕಾಯುವ ಗುಡಿಸಿಲು ನೋಡಿದೆವು, ಖಾಲಿ ಬಿದ್ದ ಕುರಿ ಅಟ್ಟಣೆಗಳನ್ನು ನೋಡಿದೆವು. ಹಾಗೆಯೇ ಕೆಳಗಿನ ಕೇರಿಗೆ ಬಂದೆವು. ಅಲ್ಲಿ ಹಾಜಿಯವರ ಮನೆಯ ಕೊಳದ ಬಳಿ ಸ್ವತಃ ಹಾಜಿಯವರೇ ಬಿಳಿ ಟೋಪಿ ಹಾಕಿಕೊಂಡು, ಛತ್ರಿ ಹಿಡಿದು, ಮಳೆಯಲ್ಲಿ ನಿಂತಿದ್ದರು. ಆಗಾಗ ಮೆಲ್ಲಗೆ ಕೆಮ್ಮುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ನಮ್ಮ ಜೊತೆ ಬಂದಿದ್ದ ಲಿಲಿಸ್ ಕೇಳಿದಳು. ಅವರು ದನಿ ತಗ್ಗಿಸಿ, ಕಕ್ಕಸಿನ ತಟ್ಟಿಯ ಕಡೆ ಕಣ್ಣಿನಲ್ಲೇ ತೋರಿಸಿದರು.

"ಯಾರೋ ಒಳಗವ್ರೆ. ಬಾಳ ಹೊತ್ತಾಯ್ತು. ಹೊಟ್ಟೆ ಸರಿ ಇಲ್ಲ ಅಂತ ಕಾಣ್ತೈತೆ, ನರಳ್ತಾವ್ರೆ. ಅವಸರ ಮಾಡ್ಬಾರ್ದು."

ಯಜಮಾನರಿಗೆ ಅದನ್ನು ಕನ್ನಡಿಸುವ ಅಗತ್ಯ ಬೀಳಲಿಲ್ಲ. ನರಳಾಟ ಅವರ ಕಿವಿಗೆ ಬಿದ್ದಿತ್ತು. ಹಾಜಿಯವರು ಅಯ್ಯಯ್ಯೋ ಎನ್ನುತ್ತಿದ್ದಂತೆ ಇವರು ತಟ್ಟಿ ಸರಿಸಿ ನುಗ್ಗಿದರು. ಒಳಗೆ ಓನಮ್ಮನ ಕುರಿ ಬಿದಿರಿನ ಮೇಲೆ ಮಲಗಿ ನೋವು ತಿನ್ನುತ್ತಿತ್ತು. ಮರಿಯ ಮೂತಿ ಮತ್ತು ಒಂದೇ ಕಾಲು ಹೊರಗೆ ಬಂದಿದ್ದವು, ಇನ್ನೊಂದು ಕಾಲು ಒಳಗೆ ಮಡಿಸಿಕೊಂಡು ಸಿಕ್ಕಿಹಾಕಿಕೊಂಡಿತ್ತು.

ಓನಮ್ಮನನ್ನು ಯಾರೋ ಕರೆತಂದರು. ಯಜಮಾನರು ಕೊಬ್ಬರಿ ಎಣ್ಣೆ ಕೇಳಿ ಕೈಗೆ ಸವರಿಕೊಂಡು, ಅಂಗಿ ಬಿಚ್ಚಿ, ಆ ಕಕ್ಕಸಿನ ಅಟ್ಟಣೆಯ ಮೇಲೆ ಉದ್ದಕ್ಕೆ ಮಲಗಿದರು. ಕೆಳಗೆ ಮೀನುಗಳು ಸೇರಿದವು. ಕುರಿಯ ಜೊತೆ ನಮ್ಮ ಮಾತಿನಲ್ಲೇ ಮಾತಾಡುತ್ತ, "ತಡಿಯವ್ವ, ಇನ್ನೊಂಚೂರು ತಡಿ" ಎನ್ನುತ್ತ, ಮರಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಮಡಿಸಿದ ಕಾಲನ್ನು ಬೆರಳಿನಲ್ಲಿ ಹುಡುಕಿ ಮುಂದೆ ತಂದರು. ಕುರಿ ಅರಚಿತು. ಮರಿ ಜಾರಿ ಬಂತು. ಉಸಿರಿರಲಿಲ್ಲ. ಮೂಗಿನ ಲೋಳೆ ಬಳಿದು, ಹಿಂಗಾಲು ಹಿಡಿದು ಎರಡು ಸಲ ಬೀಸಿ, ಎದೆ ತಿಕ್ಕಿದರು. ಮರಿ ಸೀನಿತು. ಆಮೇಲೆ ಇಡೀ ಕೇರಿಗೆ ಕೇಳುವಂತೆ ಬ್ಯಾ ಎಂದಿತು.

ನನಗೆ ಅಷ್ಟು ಜನರ ಎದುರು ಅಳು ಬಂತು. ಇವರು ನನ್ನ ಗಂಡ ಎಂದು ಕೂಗಿ ಹೇಳಬೇಕೆನ್ನಿಸಿತು. ಬೆಳಿಗ್ಗೆ ಅವರನ್ನು ನೋಡಿ ನಕ್ಕವರೆಲ್ಲ ಈಗ ಕತ್ತು ಚಾಚಿ ನೋಡುತ್ತಿದ್ದರು. ಯಜಮಾನರು ಎದ್ದು ಕೈ ಒರೆಸಿಕೊಂಡು, ಮೀಸೆ ಸರಿಮಾಡಿಕೊಂಡು, ಹೊರಗೆ ಬಂದು ಭಾಷಣಕ್ಕೇ ನಿಂತರು.

"ಇದು ನಮ್ಮ ಮನೆತನದ ಇದ್ಯೆ. ನಮ್ಮಪ್ಪ ಎಷ್ಟು ಮರಿ ಹಿಂಗೆ ಎಳೆದಾನೋ ಲೆಕ್ಕ ಇಲ್ಲ…"

ಒಳಗಿನಿಂದ ಓನಮ್ಮ ಚೀರಿದಳು. ನಮ್ಮ ಸೀಮೆಯ ಕುರಿ ಹಾಕುವುದು ಒಂದೇ ಮರಿ. ಅವಳಿ ಎಂದರೆ ಹಟ್ಟಿಯೆಲ್ಲ ನೋಡಲು ಬರುತ್ತದೆ. ಜಾವಾದ ಕುರಿಗೆ ಎರಡು ಮರಿ ದಿನದ ಮಾತು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಭಾಷಣ ಮಾಡುತ್ತಿದ್ದವರೊಬ್ಬರನ್ನು ಬಿಟ್ಟು. ಎರಡನೆಯ ಮರಿ ಸರ್ರನೆ ಬಂದು ಅಟ್ಟಣೆಯ ಸಂದಿಗೆ ಜಾರಿತ್ತು. ಓನಮ್ಮ ಮೊಣಕೈವರೆಗೆ ಕೈಯನ್ನು ಸಂದಿಯಲ್ಲಿ ತೂರಿಸಿ, ನೀರು ಮುಟ್ಟುವಷ್ಟರಲ್ಲಿ ಅದರ ಕಾಲು ಹಿಡಿದು ಮೇಲೆಳೆದಳು. ಮರಿಯನ್ನು ಎದೆಗೆ ಅವಚಿಕೊಂಡು ಯಜಮಾನರನ್ನು ನೋಡಿ ನಗತೊಡಗಿದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಹಾಜಿಯವರು ಛತ್ರಿ ಮಡಿಸಿ ಎರಡೂ ಮರಿಗಳನ್ನು ಬಗ್ಗಿ ನೋಡಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಸರದಿ ಅವಳ್ದು" ಎಂದರು. "ಒಂದಾದ್ರೂ ಅಷ್ಟೆ, ಎರಡಾದ್ರೂ ಅಷ್ಟೆ." ಆಮೇಲೆ ಎಲ್ಲರನ್ನೂ ಆಚೆ ಕಳಿಸಿ, ತಾವು ಬಂದ ಕೆಲಸಕ್ಕೆ ಒಳಗೆ ಹೋದರು.

ಮನೆಯಿಂದ ಮನೆಗೆ

ಮಂದೆ ಮಾಡುವ ಆಸೆ ಬಿಟ್ಟೆವು. ಕತ್ತರಿ ಹಿಡಿದು ಯಜಮಾನರು ಒಂದೊಂದೇ ಅಟ್ಟಣೆ ಹತ್ತಿದರು, ಹಿಂದೆ ಬುಟ್ಟಿ ಹಿಡಿದು ನಾನು. ಉಣ್ಣೆಯನ್ನು ಕತ್ತರಿಸಿದ ಮೇಲೆ ತೊಳೆದೆವು. ಹೋದ ಮನೆಯಲ್ಲೆಲ್ಲ ಸಕ್ಕರೆ ಹಾಕದ ಬಿಸಿ ಟೀ ಕೊಟ್ಟರು, ನಮ್ಮಲ್ಲಿ ನೀರು ಕೊಡುವಂತೆ. ಕುರಿಯೊಂದು ಈಯುವ ಸುಳಿವು ಕಂಡರೆ ಸಾಕು, "ಪಾ ಕರಿಯಾ" ಎಂದು ಕರೆ ಬರುತ್ತಿತ್ತು. ಪಾ ಎಂದರೆ ಅಪ್ಪ. ಯಜಮಾನರು ಹೋಗುವರು, ಮರಿ ಬಂದ ಮೇಲೂ ಅಲ್ಲಿಂದ ಕದಲದೆ ಇನ್ನೊಂದಕ್ಕೆ ಕಾಯುವರು. ಕೆಲವು ಸಲ ಇನ್ನೊಂದು ಬರುತ್ತಲೇ ಇರಲಿಲ್ಲ, ಆದರೂ ಕತ್ತಲಾಗುವವರೆಗೆ ಕೂತಿರುತ್ತಿದ್ದರು.

ಬಿದಿರಿನಲ್ಲೇ ಮಗ್ಗ ಎದ್ದಿತು. ಹುಣಸೆಬೀಜದ ಗಂಜಿ ಕಾಯಿಸಿದೆ, ನನ್ನ ಚೀಲದ್ದೇ. ಚಿಬುಲಿನ ಉಣ್ಣೆಯ ಮೊದಲ ಕಂಬಳಿ ಮಗ್ಗದಿಂದ ಇಳಿದ ದಿನ ಊರವರು ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಮುಖಕ್ಕೆ ಒತ್ತಿ ನೋಡಿದರು. ತಿಪ್ಪೆಗೆ ಹೋಗಬೇಕಾಗಿದ್ದ ಉಣ್ಣೆ! ಊರ ಹಿರಿಯರು ಕೂತು ಮಾತಾಡಿ, ಇಷ್ಟು ಬೆಲೆಬಾಳುವುದು ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸಿ, ಮುಂದಿನ ಕಾಳಗಕ್ಕೆ ಹೊರಟಿದ್ದ ಟಗರಿಗೆ ಹೊದಿಸಿದರು. ನನಗೆ ಮುನಿಸು ಬಂತು. ಯಜಮಾನರು ಮಾತ್ರ, "ಮನುಷ್ಯರು ಹೊದ್ದಿದ್ರೆ ಚಳಿ ಹೋಗ್ತಿತ್ತು, ಅಷ್ಟೆ. ಟಗರು ಹೊದ್ದಿದ್ರಿಂದ ಮಾನ ಬಂತು" ಎಂದು ಮೆರವಣಿಗೆಯ ಮುಂದೆ ತಾವೇ ನಡೆದರು.

ಮಧ್ಯಾಹ್ನಗಳಲ್ಲಿ ನಾನು ಹೆಂಗಸರಿಗೆ ನೂಲುವುದನ್ನು ಕಲಿಸುತ್ತಿದ್ದೆ. ಓನಮ್ಮನ ಕೈ ಬೇಗ ಪಳಗಿತು. ಅವಳ ಎರಡೂ ಮರಿಗಳು ಹೆಣ್ಣು, ನಮ್ಮ ನೂಲನ್ನು ಕಚ್ಚಿ ಎಳೆಯುತ್ತಿದ್ದವು. ಒಂದು ದಿನ ಅವಳು ಕದಿರು ತಿರುಗಿಸುತ್ತ ಕೇಳಿದಳು.

"ಗಂಗಾ, ನಿಮ್ಮನೆಯಾಗೆ ಎಷ್ಟು ಕುರಿ ಅವೆ?"

ನನಗೆ ಇಂಥ ಪ್ರಶ್ನೆಯೇ ಬೇಕಾಗಿತ್ತು. ನಮ್ಮ ಮಂದೆ ಎದ್ದು ಹೊರಟರೆ ರಸ್ತೆಯಲ್ಲಿ ಬಸ್ಸು ನಿಲ್ಲುತ್ತದೆ, ಡ್ರೈವರು ಇಳಿದು ಬೀಡಿ ಸೇದಿ ಮುಗಿಸಿದರೂ ಕೊನೆಯ ಕುರಿ ದಾಟಿರುವುದಿಲ್ಲ ಎಂದೆ. ಓನಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅದ್ರಾಗೆ ನಿಂದು ಎಷ್ಟು?"

ನಾನು ಎಳೆ ತುಂಡಾದಂತೆ ನಟಿಸಿ ಅದನ್ನು ಸರಿಮಾಡತೊಡಗಿದೆ. ಮಂದೆ ಮಾವನವರದು, ಅವರ ನಂತರ ಗಂಡುಮಕ್ಕಳದು. ಮದುವೆಯಾಗಿ ಬಂದಾಗಿನಿಂದ ಅವುಗಳ ಉಣ್ಣೆ ನೂತಿದ್ದೇನೆ, ಬೇಸಿಗೆಯಲ್ಲಿ ಕುರಿ ಕೂಡುವ ರೊಪ್ಪ ಗುಡಿಸಿದ್ದೇನೆ, ಕಾಯಿಲೆ ಬಿದ್ದವಕ್ಕೆ ಔಷಧಿ ಕುಡಿಸಿದ್ದೇನೆ. ನಿನ್ನದು ಎಷ್ಟು ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಒಂದೂ ಇಲ್ಲ" ಎಂದೆ.

ಲಿಲಿಸ್ ಅದನ್ನು ಹೇಳುವ ಮೊದಲೇ ಓನಮ್ಮ ತಲೆಯಾಡಿಸಿದಳು.

ಹೊರಟ ಬೆಳಿಗ್ಗೆ

ನಾವು ಹೊರಡುವ ಬೆಳಿಗ್ಗೆ ಅಂಗಳದ ತುಂಬ ಜನ. ಓನಮ್ಮ ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಯಜಮಾನರು ಎಳೆದು ಬದುಕಿಸಿದ ಮರಿ ಅದು. ಕೊಡಲು ತಂದಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು. ಕೊಟ್ಟ ಮರಿಯನ್ನು ಬೇಡವೆನ್ನುವುದು ನಮ್ಮಲ್ಲಿ ದೊಡ್ಡ ಅವಮಾನ. ಯಜಮಾನರು ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹರಡಿ, ಬಗ್ಗಿ ನಿಂತರು.

ಓನಮ್ಮ ಅವರನ್ನು ದಾಟಿ ಬಂದು ಮರಿಯನ್ನು ನನ್ನ ಸೆರಗಿಗೆ ಹಾಕಿದಳು.

"ನಿಂಗೆ" ಎಂದಳು. "ಅವರಿಗೆ ಅವೆಯಲ್ಲ, ರಸ್ತೆ ತುಂಬ."

ಮರಿ ಬೆಚ್ಚಗಿತ್ತು. ಯಜಮಾನರು ಹರಡಿದ ಟವೆಲನ್ನು ಏನು ಮಾಡುವುದೆಂದು ತಿಳಿಯದೆ ಮುಖ ಒರೆಸಿಕೊಂಡರು. ಆಮೇಲೆ, ನಿನ್ನ ಮರಿಗೆ ನಮ್ಮ ಮನೆಯ ಗುರುತಾದರೂ ಹಾಕುತ್ತೇನೆ ಎಂದು ಕತ್ತರಿ ತೆಗೆದರು. ನಮ್ಮ ಕುರಿಗಳ ಎಡಗಿವಿಯ ತುದಿಗೆ ಸಣ್ಣ ಸೀಳು ಹಾಕುವುದು ರೂಢಿ. ಮರಿಯ ತಲೆಯ ಕೂದಲನ್ನು ಈ ಕಡೆ ಆ ಕಡೆ ಸರಿಸಿದರು.

"ಲೇ, ಇದಕ್ಕೆ ಕಿವೀನೇ ಇಲ್ಲಲ್ಲೇ!"

ಆ ಸೀಮೆಯ ಕುರಿಗೆ ಕಿವಿ ಇರುವುದು ಬೆರಳ ತುದಿಯಷ್ಟು. ಅಂಗಳವೆಲ್ಲ ನಕ್ಕಿತು. ಗುರುತು ಯಾಕೆ, ಗಂಗಾಳ ಕುರಿ ಯಾವುದೆಂದು ಊರಿಗೇ ಗೊತ್ತಿರುತ್ತದೆ ಎಂದರು ಹಾಜಿಯವರು.

ಮರಿಯನ್ನು ವಿಮಾನದಲ್ಲಿ ತರುವಂತಿರಲಿಲ್ಲ. ನಾನು ಅದನ್ನು ಓನಮ್ಮನ ಕೈಗೇ ಇಟ್ಟು, ಇದನ್ನು ನೀನೇ ಸಾಕು, ಇದು ಹಾಕುವ ಮರಿಗಳೆಲ್ಲ ನಿನ್ನವೇ, ನನಗೇನೂ ಬೇಡ ಎಂದೆ. ಲಿಲಿಸ್ ತಿರುಗಿಸಿ ಹೇಳಿದಳು. ನಗುತ್ತಿದ್ದ ಓನಮ್ಮನ ಮುಖ ಗಂಟಿಕ್ಕಿತು. ಕುರಿ ಹೋದ ದಿನವೂ ನಾನು ಅವಳನ್ನು ಹಾಗೆ ನೋಡಿರಲಿಲ್ಲ.

"ನಾನೇನು ಪುಕ್ಕಟೆ ಕೇಳಿದ್ನಾ? ಮೊದಲ್ನೇ ಈತ ಒಡತೀದು, ಎರಡನೇದು ಸಾಕಿದೋಳ್ದು. ಹಾಜಿಯೋರಿಗೆ ಒಂದು ನ್ಯಾಯ, ನಿಂಗೊಂದು ನ್ಯಾಯ ಮಾಡಾಕೆ ನಂಗೆ ಬರಲ್ಲ. ಒಪ್ಪಿಗೆ ಇದ್ರೆ ಹೇಳು, ಇಲ್ದಿದ್ರೆ ಈಗ್ಲೇ ಎತ್ಕಂಡು ಹೋಗು."

ಒಡತಿ! ಆ ಮಾತು ಕೇಳಿ ನಾನು ಸೆರಗು ಸರಿಮಾಡಿಕೊಂಡೆ. ಊರಿನ ಎದುರು, ಹಾಜಿಯವರ ಎದುರು, ನನ್ನ ಗಂಡನ ಎದುರು, ಮಾವನವರು ಪಾಲಿಗೆ ಕುರಿ ಕೊಡುವಾಗ ಹೇಗೆ ಕೈ ಮುಂದೆ ಚಾಚುತ್ತಿದ್ದರೋ ಹಾಗೆಯೇ ಚಾಚಿದೆ. ಓನಮ್ಮ ಅದರ ಮೇಲೆ ತನ್ನ ಕೈ ಇಟ್ಟಳು.

ನಾವು ಇಳಿಜಾರು ಇಳಿಯುವಾಗ ಅವಳು ಕೈಬೀಸುತ್ತ ನಿಲ್ಲಲಿಲ್ಲ. ಕುಡುಗೋಲು ಬುಟ್ಟಿ ಎತ್ತಿಕೊಂಡು ಹುಲ್ಲಿಗೆ ಹೊರಟಿದ್ದಳು. ಅವಳ ಅಟ್ಟಣೆಯಲ್ಲಿ ಈಗ ಹಾಜಿಯವರದೊಂದು, ನನ್ನದೊಂದು, ಅವಳದೊಂದು.

ಹಟ್ಟಿಗೆ ಬಂದ ಮೇಲೆ ಕೆಲವು ದಿನ ನಮ್ಮ ಮನೆಯ ಜಗುಲಿಯಲ್ಲಿ ಜನ ತಪ್ಪಲಿಲ್ಲ. ಯಜಮಾನರು ಹೊಳೆಯ ದಂಡೆಯ ಕಥೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಬಣ್ಣ ಕಟ್ಟಿ ಹೇಳುವರು. ಮಾವನವರು ಕೇಳುತ್ತ ಕೂತಿರುವರು. ಒಂದು ಸಂಜೆ ಹಿರಿಯರೆಲ್ಲ ಸೇರಿದ್ದಾಗ ಯಜಮಾನರು ಕಾಲು ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದರು.

"ಇಲ್ಲಿ ಇಷ್ಟು ಅವೆ, ಸರಿ. ಜಾವಾದಾಗೂ ನಮ್ದೊಂದು ಕುರಿ ಐತೆ, ಗೊತ್ತೇನು?"

ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಮಾವನವರ ಎದುರು ಅದುವರೆಗೆ ದನಿ ಎತ್ತಿ ಮಾತಾಡಿದವಳಲ್ಲ. ಲೋಟಗಳ ತಟ್ಟೆ ಹಿಡಿದು ಹೊಸಿಲು ದಾಟಿ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ನಮ್ದಲ್ಲ ಕಣ್ರಿ. ನಂದು."